ಉತ್ತರ ಮೊದಲೇ ಗೊತ್ತಿಲ್ಲದ ಪ್ರಾಕ್ಟಿಕಲ್

ರೇಷ್ಮೆ ಗೂಡನ್ನು ತೂಗಿ, ಬ್ಲೇಡಿನಿಂದ ಸೀಳಿ, ಒಳಗಿನ ಪ್ಯೂಪಾ ಹೊರತೆಗೆದು, ಬರಿಗೂಡನ್ನು ಮತ್ತೆ ತೂಗಿ, ರೇಷ್ಮೆಯ ಪಾಲು ಶೇಕಡಾ ಎಷ್ಟೆಂದು ಲೆಕ್ಕ ಹಾಕುವುದು ಪ್ರಾಣಿಶಾಸ್ತ್ರ ಓದುವ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಪರಿಚಿತವಾದ ಪ್ರಾಕ್ಟಿಕಲ್. ದ್ವಿತಳಿ ಗೂಡಾದರೆ 20ರ ಆಸುಪಾಸು ಬರಬೇಕು, ಮಿಶ್ರತಳಿಗೆ ಅದಕ್ಕಿಂತ ಕಡಿಮೆ ಎಂಬುದು ತೂಗುವ ಮೊದಲೇ ಎಲ್ಲರಿಗೂ ಗೊತ್ತು. ದ್ವಿತಳಿ ಗೂಡು ಸೀಳಿದ ಹುಡುಗಿಗೆ 16 ಬಂದರೆ ಅವಳು ಪಕ್ಕದವಳ ಪುಸ್ತಕ ನೋಡಿ ಅಂಕಿ ತಿದ್ದಿಕೊಳ್ಳುತ್ತಾಳೆ. ರೆಕಾರ್ಡಿಗೆ ಸಹಿ ಬೀಳುತ್ತದೆ, ತರಗತಿ ಮುಗಿಯುತ್ತದೆ. ಆದರೆ ಆ 16 ಯಾಕೆ ಬಂತು? ಪ್ಯೂಪಾ ಹೆಣ್ಣಾಗಿದ್ದಿರಬಹುದು, ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡ ಹೆಣ್ಣು ಗಂಡಿಗಿಂತ ಭಾರ, ಹಾಗಾಗಿ ರೇಷ್ಮೆಯ ಪಾಲು ಕಡಿಮೆ ಕಾಣುತ್ತದೆ. ಹುಳುವಿಗೆ ಕೊನೆಯ ದಿನಗಳಲ್ಲಿ ಸೊಪ್ಪು ಸಾಲದೆ ಹೋಗಿರಬಹುದು. ತಕ್ಕಡಿಯ ಸೊನ್ನೆಯೇ ಸರಿಯಿಲ್ಲದಿರಬಹುದು. ಈ ಮೂರರಲ್ಲಿ ಯಾವುದು ಎಂದು ಪತ್ತೆಹಚ್ಚುವ ಕೆಲಸಕ್ಕೇ ಸಂಶೋಧನೆ ಎಂದು ಹೆಸರು. ತಿದ್ದಿದ ಅಂಕಿಯ ಜೊತೆಗೆ ಆ ಕೆಲಸ ಕಲಿಯುವ ಅವಕಾಶವೂ ಅಳಿಸಿಹೋಗುತ್ತದೆ.

ಸಂಶೋಧನೆಯ ಕೌಶಲವನ್ನು ಕಲಿಸಬೇಕಾದ ಜಾಗ ಈ ಮಾಮೂಲಿ ಪ್ರಾಕ್ಟಿಕಲ್ ತರಗತಿಯೇ ಹೊರತು ಕೊನೆಯ ವರ್ಷದಲ್ಲಿ ಆಯ್ದ ಕೆಲವರಿಗೆ ಕೊಡುವ ಪ್ರಾಜೆಕ್ಟ್ ಅಲ್ಲ ಎಂಬುದು ಈ ಲೇಖನದ ವಾದ. ರಾಜ್ಯದಲ್ಲಿ ಈಗ ಅದನ್ನು ಹೇಳಲೇಬೇಕಾದ ಕಾರಣವೂ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021–22ರಲ್ಲಿ ಕರ್ನಾಟಕ ನಾಲ್ಕು ವರ್ಷದ ಆನರ್ಸ್ ಪದವಿಗೆ ಬಾಗಿಲು ತೆರೆಯಿತು, ಸಂಶೋಧನೆಗೆ ನಾಲ್ಕನೇ ವರ್ಷವನ್ನು ಮೀಸಲಿಟ್ಟಿತು. 2024–25ರ ಸಾಲಿನಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂತು. ಆ ನೀತಿ ಸರಿಯೋ ಈ ನೀತಿ ಸರಿಯೋ ಎಂಬ ಚರ್ಚೆ ಇಲ್ಲಿ ಬೇಡ. ಸಂಶೋಧನೆಗೆಂದು ಬೇರೆಯಾಗಿ ಕಟ್ಟಿಟ್ಟಿದ್ದ ವರ್ಷ ಹೋದ ಮೇಲೆ, ಉಳಿದ ಮೂರು ವರ್ಷಗಳ ಒಳಗೇ ಅದಕ್ಕೆ ಜಾಗ ಹುಡುಕಬೇಕು ಎಂಬುದಷ್ಟೇ ಮುಖ್ಯ. ಈಗ ಬೆಂಗಳೂರು ದಕ್ಷಿಣ ಎಂದು ಹೆಸರಾಗಿರುವ ರಾಮನಗರ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪದವಿ ಕಾಲೇಜುಗಳಲ್ಲಿ ಓದುವ ಬಹಳಷ್ಟು ಮಕ್ಕಳು ಹಳ್ಳಿಗಳಿಂದ ಬಸ್ಸಿನಲ್ಲಿ ಬಂದುಹೋಗುವವರು. ಸಂಜೆ ಲ್ಯಾಬಿನಲ್ಲಿ ಉಳಿಯಲು, ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಇಂಟರ್ನ್‌ಶಿಪ್‌ಗೆ ಹೋಗಲು ಅವರಿಗೆ ಆಗುವುದಿಲ್ಲ. ವೇಳಾಪಟ್ಟಿಯಲ್ಲಿ ಇದ್ದದ್ದು ಮಾತ್ರ ಅವರಿಗೆ ದಕ್ಕುತ್ತದೆ.

ಈ ವಾದಕ್ಕೆ ಹೊರಗಿನ ಸಾಕ್ಷ್ಯವೂ ಇದೆ. ಅಮೆರಿಕದ ಭೌತಶಾಸ್ತ್ರ ಬೋಧಕರಾದ ನತಾಶಾ ಹೋಮ್ಸ್ ಮತ್ತು ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಮೂರು ಸಂಸ್ಥೆಗಳ 9 ಕೋರ್ಸುಗಳಲ್ಲಿ ಸುಮಾರು 3,000 ವಿದ್ಯಾರ್ಥಿಗಳ ಪರೀಕ್ಷಾ ಅಂಕಗಳನ್ನು ಪರಿಶೀಲಿಸಿದರು. ತರಗತಿಯ ಪಾಠವನ್ನು ಗಟ್ಟಿ ಮಾಡಲೆಂದೇ ಇದ್ದ ಲ್ಯಾಬುಗಳಿಗೆ ಹೋದವರಿಗೂ ಹೋಗದವರಿಗೂ ಆ ಪಾಠದ ತಿಳಿವಳಿಕೆಯಲ್ಲಿ ಅಳೆಯಬಹುದಾದ ವ್ಯತ್ಯಾಸ ಕಾಣಲಿಲ್ಲ. ಅದು ಭೌತಶಾಸ್ತ್ರದ ಮಾತು, ಜೀವವಿಜ್ಞಾನಕ್ಕೆ ನೇರವಾಗಿ ಅನ್ವಯಿಸಲಾಗದು. ಆದರೆ ಪ್ರಾಕ್ಟಿಕಲ್ ಇರುವುದೇ ಥಿಯರಿಯನ್ನು ಮನದಟ್ಟು ಮಾಡಿಸಲು ಎಂಬ ನಮ್ಮ ನಂಬಿಕೆಯನ್ನು ಅದು ಅಲ್ಲಾಡಿಸುತ್ತದೆ. ಇನ್ನೊಂದು ಕಡೆ, ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಶಾಖೆ ಮೊದಲ ವರ್ಷದಿಂದಲೇ ಮೂರು ಸೆಮಿಸ್ಟರ್ ಕಾಲ ಸಾಮಾನ್ಯ ವಿದ್ಯಾರ್ಥಿಗಳನ್ನು ನಿಜವಾದ ಸಂಶೋಧನೆಗೆ ಹಚ್ಚಿತು. 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಅದನ್ನು ಪೂರೈಸಿದವರಲ್ಲಿ ವಿಜ್ಞಾನ ಪದವಿಯನ್ನೇ ಮುಗಿಸುವ ಸಂಭವ ಶೇ. 71ರಿಂದ 94ಕ್ಕೆ ಏರಿತು. ಅವರ ಅಂಕಗಳ ಸರಾಸರಿ ಮಾತ್ರ ಏರಲಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳುವುದು ಪ್ರಾಮಾಣಿಕತೆ: ಸಂಶೋಧನೆ ಕಲಿಸಿದರೆ ರ‍್ಯಾಂಕ್ ಬರುತ್ತದೆಂದು ಯಾರೂ ಭರವಸೆ ಕೊಡಲಾರರು. ವಿದ್ಯಾರ್ಥಿ ವಿಜ್ಞಾನವನ್ನು ಬಿಟ್ಟು ಹೋಗದೆ ಉಳಿಯುತ್ತಾನೆ ಎನ್ನಲು ಮಾತ್ರ ಆಧಾರವಿದೆ. 2014ರಲ್ಲಿ ಬಂಗೇರ ಮತ್ತು ಬ್ರೌನೆಲ್ ಎಂಬ ಇಬ್ಬರು ಶಿಕ್ಷಣ ಸಂಶೋಧಕರು ಮುಂದಿಟ್ಟ ವಾದವೂ ಇಲ್ಲಿ ಸಲ್ಲುತ್ತದೆ. ಪ್ರಾಧ್ಯಾಪಕರ ಬಾಗಿಲು ತಟ್ಟಿ ಅವಕಾಶ ಕೇಳಬೇಕಾದ ವ್ಯವಸ್ಥೆಯಲ್ಲಿ, ಕೇಳಬಹುದೆಂದು ತಿಳಿದ ಮನೆತನದ ಮಕ್ಕಳಿಗೇ ಅವಕಾಶ ಸಿಗುತ್ತದೆ. ಕಡ್ಡಾಯ ತರಗತಿಯೊಳಗೆ ತಂದರೆ ಎಲ್ಲರಿಗೂ ಸಿಗುತ್ತದೆ.

ಇನ್ನು, ಈ ಜಿಲ್ಲೆಯಲ್ಲಿ ಏನನ್ನು ಹಿಡಿದು ಕಲಿಸಬೇಕು ಎಂಬ ಪ್ರಶ್ನೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಜಿಲ್ಲೆಯ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ತೋಟಗಳಿವೆ, ಹುಳುಮನೆಗಳಿವೆ. ಪ್ರಯೋಗಕ್ಕೆ ಬೇಕಾದ ಜೀವಿಗೆ ಇರಬೇಕಾದ ಗುಣಗಳೆಲ್ಲ ರೇಷ್ಮೆ ಹುಳುವಿನಲ್ಲಿವೆ. ಒಂದೇ ಚಿಟ್ಟೆ 400ರಿಂದ 500 ಮೊಟ್ಟೆ ಇಡುತ್ತದೆ, ಆದ್ದರಿಂದ ಸಂಖ್ಯೆಗೆ ಕೊರತೆಯಿಲ್ಲ. ಹುಳುವಿನ ಹಂತ 25 ದಿನಗಳ ಆಸುಪಾಸಿನಲ್ಲಿ ಮುಗಿಯುವುದರಿಂದ ಒಂದು ಸೆಮಿಸ್ಟರಿನಲ್ಲಿ ತಪ್ಪಿದ್ದನ್ನು ತಿದ್ದಿ ಇನ್ನೊಮ್ಮೆ ಮಾಡಿ ನೋಡಬಹುದು. ಅದು ಹಾರುವುದಿಲ್ಲ, ಕಚ್ಚುವುದಿಲ್ಲ, ವನ್ಯಜೀವಿ ಕಾಯ್ದೆಯ ತೊಡಕಿಲ್ಲ. ಕಪ್ಪೆ, ಜಿರಳೆಗಳ ಅಂಗಚ್ಛೇದನವನ್ನು ಹಂತಹಂತವಾಗಿ ಕೈಬಿಡಬೇಕೆಂದು ಯುಜಿಸಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿದ ಮೇಲೆ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ತೆರವಾದ ಜಾಗವನ್ನು ಚಾರ್ಟು, ಮಾದರಿಗಳು ತುಂಬಿವೆ. ಬದುಕಿರುವ ಜೀವಿಯನ್ನು ಕೊಲ್ಲದೆ ನೋಡುವ ಪ್ರಯೋಗಗಳು ಆ ಜಾಗಕ್ಕೆ ಬರಬೇಕಿತ್ತು.

ಈ ಹುಳುವಿನ ಹಿಂದೆ ವಿಜ್ಞಾನದ ದೊಡ್ಡ ಚರಿತ್ರೆಯೂ ಇದೆ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಗೆ ಲೂಯಿ ಪಾಶ್ಚರ್ ಹೋದಾಗ ಅವನಿಗೆ ರೇಷ್ಮೆ ಹುಳುವಿನ ಗಂಧವೇ ಇರಲಿಲ್ಲ. ಗಂಟುರೋಗದಿಂದ ಅಲ್ಲಿನ ರೇಷ್ಮೆ ನೆಲಕಚ್ಚಿತ್ತು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಡುವ ವಿಧಾನವನ್ನು ಅವನು ವರ್ಷಗಟ್ಟಲೆ ಎಣಿಸಿ, ಹೋಲಿಸಿ ಕಂಡುಕೊಂಡ. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ರೋಗಮುಕ್ತ ಮೊಟ್ಟೆ ತಯಾರಾಗುವುದು ಇದೇ ತತ್ವದ ಮೇಲೆ. ಮೆಂಡೆಲನ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ಮೊದಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬನಾದ ಜಪಾನಿನ ತೊಯಾಮಾ ಕಮೆತಾರೊ 1906ರಲ್ಲಿ ಅದನ್ನು ಸಾಧಿಸಿದ್ದು ರೇಷ್ಮೆ ಹುಳುಗಳ ಸಂಕರದಿಂದ. ರಾಮನಗರ ಮಾರುಕಟ್ಟೆಗೆ ಬರುವ ಪ್ರತಿ ಮಿಶ್ರತಳಿ ಗೂಡು ಆ ವಿಜ್ಞಾನದ ಫಲ. ತಳಿವಿಜ್ಞಾನದ ಪಾಠದಲ್ಲಿ ಬಟಾಣಿ ಗಿಡದ ಚಿತ್ರ ಬರೆಯುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೇಳದಿರುವುದು ದೊಡ್ಡ ನಷ್ಟ.

ಹಾಗಾದರೆ ತರಗತಿಯಲ್ಲಿ ಏನು ಮಾಡಬೇಕು? ಒಂದು ಪ್ರಯೋಗವನ್ನು ಮೊದಲಿಂದ ಕೊನೆಯವರೆಗೆ ನೋಡೋಣ. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯ ಹಿಪ್ಪುನೇರಳೆ ತೋಟಗಳಲ್ಲಿ ಎಲೆಯ ಮೇಲೆ ಧೂಳು ಕೂರುತ್ತದೆ. ಆ ಧೂಳಿನಿಂದ ಗೂಡಿನ ತೂಕ ಕಡಿಮೆಯಾಗುತ್ತದೆಯೇ? ಇಂಥ ಪ್ರಶ್ನೆ ಎಲ್ಲರಿಗೂ ಅರ್ಥವಾಗುತ್ತದೆ, ಬೆಳೆಗಾರರಿಗೆ ಅದರ ಉತ್ತರ ಬೇಕಾಗಿರುತ್ತದೆ, ಮತ್ತು ನಿರ್ದಿಷ್ಟವಾದ ಆ ತೋಟದ ಸೊಪ್ಪಿನ ಮಟ್ಟಿಗೆ ಉತ್ತರ ಬೋಧಕರಿಗೂ ಗೊತ್ತಿರುವುದಿಲ್ಲ. ಈ ಕೊನೆಯ ಗುಣವೇ ಎಲ್ಲಕ್ಕಿಂತ ಮುಖ್ಯ. ವಿದ್ಯಾರ್ಥಿಗಳನ್ನು ಯೋಜನೆ ಬರೆಯಲು ಬಿಟ್ಟರೆ ಬಹುತೇಕ ಎಲ್ಲರೂ ಎರಡು ಗುಂಪು ಮಾಡುತ್ತಾರೆ: ಒಂದಕ್ಕೆ ರಸ್ತೆ ಬದಿಯ ಸೊಪ್ಪು, ಇನ್ನೊಂದಕ್ಕೆ ಒಳತೋಟದ ಸೊಪ್ಪು. ಆಗ ಬೋಧಕರು ಒಂದೇ ಪ್ರಶ್ನೆ ಕೇಳಿದರೆ ಸಾಕು: ರಸ್ತೆ ಬದಿಯ ಗಿಡಕ್ಕೆ ನೀರು, ಗೊಬ್ಬರ, ನೆರಳು ಬೇರೆಯಾಗಿದ್ದರೆ? ವ್ಯತ್ಯಾಸ ಧೂಳಿನಿಂದ ಬಂತೆಂದು ಹೇಗೆ ಹೇಳುತ್ತೀರಿ? ಯಾರಾದರೊಬ್ಬರು ರಸ್ತೆ ಬದಿಯ ಸೊಪ್ಪನ್ನೇ ತೊಳೆದು ಹಾಕಿದ ಮೂರನೇ ಗುಂಪನ್ನು ಸೂಚಿಸುತ್ತಾರೆ. ಸರಿ, ಆದರೆ ಒದ್ದೆ ಸೊಪ್ಪು ಹುಳುವಿಗೆ ಆಗುವುದಿಲ್ಲ ಎಂದು ರೇಷ್ಮೆ ಮಾಡುವ ಮನೆಯಿಂದ ಬಂದ ಹುಡುಗನೊಬ್ಬ ಹೇಳುವುದು ಖಂಡಿತ. ಹಾಗಾದರೆ ಒಳತೋಟದ ಸೊಪ್ಪನ್ನೂ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿದ ನಾಲ್ಕನೇ ಗುಂಪು ಬೇಕು. ಒಳತೋಟದ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಬರೀ ತೊಳೆಯುವುದರ ಪರಿಣಾಮ. ರಸ್ತೆ ಬದಿಯ ಎರಡು ಗುಂಪುಗಳ ನಡುವಿನದು ತೊಳೆಯುವುದರ ಮತ್ತು ಧೂಳು ಹೋಗುವುದರ ಕೂಡು ಪರಿಣಾಮ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಧೂಳಿನ ಪಾಲು ಸಿಗುತ್ತದೆ. ಈ ನಾಲ್ಕನೇ ಗುಂಪು ವಿದ್ಯಾರ್ಥಿಗಳ ಬಾಯಿಂದಲೇ ಬರುವವರೆಗೆ ಬೋಧಕರು ತಾಳ್ಮೆಯಿಂದ ಕಾಯಬೇಕು. ಅದಕ್ಕೆ ಒಂದು ಇಡೀ ತರಗತಿ ಹೋದರೂ ಸಮಯ ವ್ಯರ್ಥವಾಗಲಿಲ್ಲ.

ಹುಳು ಎಲ್ಲಿಂದ, ಎಷ್ಟು? ಪೂರ್ತಿ 25 ದಿನ ಸಾಕುವುದು ಕಾಲೇಜಿನಲ್ಲಿ ಕಷ್ಟ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ಹುಳುಗಳನ್ನು ಒಬ್ಬ ಬೆಳೆಗಾರರಿಂದಲೇ ತಂದರೆ ಏಳೆಂಟು ದಿನದಲ್ಲಿ ಅವು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಏರುತ್ತವೆ, ಅಲ್ಲಿಂದ ಐದಾರು ದಿನಕ್ಕೆ ಗೂಡು ಬಿಡಿಸಬಹುದು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕು ಈ ಕೊನೆಯ ಹಂತದಲ್ಲೇ ತಿನ್ನುವುದರಿಂದ ಸೊಪ್ಪಿನ ಪರಿಣಾಮ ನೋಡಲು ಇದೇ ತಕ್ಕ ಕಾಲ. ನಾಲ್ಕು ಬಗೆಯ ಸೊಪ್ಪು, ಪ್ರತಿ ಬಗೆಗೆ ನಾಲ್ಕು ತಟ್ಟೆ, ಪ್ರತಿ ತಟ್ಟೆಗೆ 40 ಹುಳು: ಒಟ್ಟು 16 ತಟ್ಟೆ, 640 ಹುಳು. 48 ಮಂದಿಯ ತರಗತಿಯಾದರೆ ಮೂವರಿಗೊಂದು ತಟ್ಟೆ. ಪ್ರತಿ ಬಗೆಯ ಸೊಪ್ಪು ಒಟ್ಟಾರೆ ನಾಲ್ಕೈದು ಕಿಲೋ ಆಗಬಹುದು. ಯಾವ ಹುಳು ಯಾವ ತಟ್ಟೆಗೆ, ಯಾವ ತಟ್ಟೆ ಸ್ಟ್ಯಾಂಡಿನ ಯಾವ ಅಂತಸ್ತಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಕಣ್ಣಿಗೆ ಚೆನ್ನಾಗಿ ಕಂಡ ದಪ್ಪ ಹುಳುಗಳು ಗೊತ್ತಿಲ್ಲದಂತೆಯೇ ಒಂದೇ ತಟ್ಟೆಗೆ ಸೇರಿಬಿಡುತ್ತವೆ, ಕಿಟಕಿ ಪಕ್ಕದ ತಟ್ಟೆಗೆ ಬಿಸಿಲು ಹೆಚ್ಚು ತಾಗುತ್ತದೆ. ಚೀಟಿ ಎತ್ತುವುದು ಈ ಎರಡಕ್ಕೂ ಮದ್ದು. ತಟ್ಟೆಯ ಮೇಲೆ ಅಂಕಿ ಮಾತ್ರ ಇರಲಿ, ಸೊಪ್ಪಿನ ಬಗೆ ಬರೆಯುವುದು ಬೇಡ. ಕೊನೆಗೆ ಗೂಡು ತೂಗುವವರಿಗೆ ಯಾವ ತಟ್ಟೆ ಯಾವುದೆಂದು ತಿಳಿಯಬಾರದು.

ಇಲ್ಲಿ ಅತಿ ಹೆಚ್ಚು ಎಡವುವ ಜಾಗ ಒಂದಿದೆ, ಸ್ನಾತಕೋತ್ತರ ಪ್ರಬಂಧಗಳಲ್ಲೂ ಅದು ಕಾಣುತ್ತದೆ. ಒಂದು ತಟ್ಟೆಯಲ್ಲಿ 160 ಹುಳು ಇಟ್ಟು, 160 ಮಾದರಿ ಸಿಕ್ಕಿತು ಎಂದು ಬರೆಯುವುದು. ಆ ತಟ್ಟೆಗೆ ಒಂದು ದಿನ ಸೊಪ್ಪು ತಡವಾದರೆ, ಒಂದು ಮೂಲೆಯಿಂದ ಸುಣ್ಣಕಟ್ಟು ರೋಗ ಹಬ್ಬಿದರೆ, 160 ಹುಳುಗಳಿಗೂ ಒಟ್ಟಿಗೆ ತಾಗುತ್ತದೆ. ಅವು 160 ಬೇರೆ ಬೇರೆ ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಈ ತಪ್ಪಿನ ಮೇಲೆ ಬರೆದ ಪ್ರಬಂಧ ಅವನ ಕ್ಷೇತ್ರದ ಸಂಶೋಧನೆಯ ಕ್ರಮವನ್ನೇ ಬದಲಿಸಿತು. ಹಾಗಾಗಿ ತಟ್ಟೆಯೊಳಗಿನ ಹುಳುಗಳ ಸಂಖ್ಯೆಗಿಂತ ತಟ್ಟೆಗಳ ಸಂಖ್ಯೆ ಮುಖ್ಯ. ಎಷ್ಟು ತಟ್ಟೆ ಸಾಕು ಎಂಬುದನ್ನು ಸೂತ್ರವಿಲ್ಲದೆ ಕಲಿಸಬಹುದು. ಎರಡು ಬಗೆಯ ಸೊಪ್ಪಿಗೆ ಎರಡೆರಡು ತಟ್ಟೆ ಇಟ್ಟರೆ, ನಾಲ್ಕು ತಟ್ಟೆಗಳಲ್ಲಿ ಎರಡನ್ನು ಆರಿಸುವ ದಾರಿ 6. ಸೊಪ್ಪಿನಿಂದ ಏನೂ ಆಗದಿದ್ದರೂ, ಹಗುರವಾದ ಎರಡೂ ತಟ್ಟೆ ಧೂಳಿನ ಸೊಪ್ಪಿನವೇ ಆಗುವ ಸಂಭವ ಆರರಲ್ಲಿ ಒಂದು. ಅಷ್ಟಕ್ಕೆ ಯಾರೂ ನಂಬಬಾರದು. ಮೂರು ಮೂರು ಇಟ್ಟರೆ ಅದು 20ರಲ್ಲಿ ಒಂದು. ನಾಲ್ಕು ನಾಲ್ಕು ಇಟ್ಟರೆ 70ರಲ್ಲಿ ಒಂದು. ಎಂಟು ಚೀಟಿಯಲ್ಲಿ ಎಂಟು ತಟ್ಟೆಗಳ ಸರಾಸರಿ ತೂಕ ಬರೆದು, ಕಲೆಸಿ, ನಾಲ್ಕು ನಾಲ್ಕಾಗಿ ಮತ್ತೆ ಮತ್ತೆ ಹಂಚಿ, ನಿಜವಾಗಿ ಸಿಕ್ಕಷ್ಟು ದೊಡ್ಡ ವ್ಯತ್ಯಾಸ ಎಷ್ಟು ಸಲ ಬರುತ್ತದೆಂದು ವಿದ್ಯಾರ್ಥಿಗಳೇ ಎಣಿಸಲಿ. ಅರ್ಧ ಗಂಟೆಯ ಈ ಕೆಲಸ ಮಾಡಿದವರಿಗೆ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಬರುವ ‘ಪಿ ಮೌಲ್ಯ’ ಮುಂದೆಂದೂ ಕಗ್ಗಂಟಾಗುವುದಿಲ್ಲ.

ತೂಗುವ ಮೊದಲು ತೂಗುವವರ ಪರೀಕ್ಷೆಯಾಗಬೇಕು. 20 ಗೂಡುಗಳಿಗೆ ಅಂಕಿ ಹಚ್ಚಿ ಎರಡು ತಂಡಗಳು ಒಬ್ಬರದೊಬ್ಬರು ನೋಡದೆ ತೂಗಿ ಬರೆಯಲಿ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವೇ ಅಳತೆಯ ತಪ್ಪಿನ ಗಾತ್ರ. ಧೂಳಿನ ಪರಿಣಾಮ ಅದಕ್ಕಿಂತ ಚಿಕ್ಕದಾಗಿದ್ದರೆ, ಈ ತಕ್ಕಡಿಯಲ್ಲಿ ಅದು ಕಾಣುವುದಿಲ್ಲ ಎಂದು ಬರೆಯಬೇಕು. ಗೂಡಿನ ತೂಕ ಒಂದೂವರೆ–ಎರಡು ಗ್ರಾಂ ಇರುವುದರಿಂದ ಒಂದು ಗ್ರಾಮಿನ ನೂರರಲ್ಲಿ ಒಂದು ಭಾಗ ತೋರಿಸುವ ತಕ್ಕಡಿ ಸಾಕು. ಎಲ್ಲ ಗೂಡುಗಳನ್ನೂ ಒಂದೇ ದಿನ ತೂಗಬೇಕು, ದಿನ ಕಳೆದಂತೆ ಪ್ಯೂಪಾ ಒಣಗಿ ತೂಕ ಇಳಿಯುತ್ತದೆ. ಗಂಡು, ಹೆಣ್ಣು ಪ್ಯೂಪಾಗಳನ್ನು ಬೇರೆ ಬೇರೆಯಾಗಿ ಬರೆಯಬೇಕು. ಮೊದಲ ಪರಿಚ್ಛೇದದ ಆ 16ರ ಗುಟ್ಟು ಬಹುಶಃ ಇಲ್ಲೇ ಬಯಲಾಗುತ್ತದೆ. ಸತ್ತ ಹುಳು ಎಷ್ಟು, ಯಾವ ದಿನ ಎಂಬುದನ್ನೂ ಬಿಡದೆ ಬರೆಯಬೇಕು. ಬದುಕಿ ಉಳಿದವುಗಳ ಗೂಡನ್ನಷ್ಟೇ ತೂಗಿದರೆ ಅತಿ ಕೆಟ್ಟ ತಟ್ಟೆಯೇ ಅತಿ ಒಳ್ಳೆಯದಾಗಿ ಕಂಡೀತು.

ಇಷ್ಟೆಲ್ಲ ಮಾಡಿದ ಮೇಲೂ ತರಗತಿಗೆ ಗೊತ್ತಾಗುವುದು ಒಂದು ತೋಟದ ವಿಷಯ ಮಾತ್ರ. ತಟ್ಟೆ 16 ಇದ್ದರೂ ತೋಟ ಒಂದೇ. ಹರ್ಲ್‌ಬರ್ಟನ ಎಚ್ಚರಿಕೆ ಇಲ್ಲಿಯೂ ನಿಲ್ಲುತ್ತದೆ, ಮತ್ತು ನಾಲ್ಕು ಊರುಗಳ ಕಾಲೇಜುಗಳು ಒಂದಾಗಬೇಕಾದ ಕಾರಣವೂ ಇದೇ. ರಾಮನಗರದವರು ಒಂದು ತೋಟ, ಚನ್ನಪಟ್ಟಣದವರು ಇನ್ನೊಂದು, ಕನಕಪುರ ಮತ್ತು ಮಾಗಡಿಯವರು ತಮ್ಮ ತಮ್ಮ ರಸ್ತೆ ಬದಿಯ ತೋಟ ಹಿಡಿದು, ಒಂದೇ ತಳಿಯ ಸೊಪ್ಪು (ವಿ–1 ಎಲ್ಲೆಡೆ ಸಿಗುತ್ತದೆ), ಒಂದೇ ಮಿಶ್ರತಳಿಯ ಹುಳು, ಒಂದೇ ಪುಟದ ವಿಧಾನ ಅನುಸರಿಸಿದರೆ ನಾಲ್ಕು ತೋಟಗಳ ಉತ್ತರ ಒಟ್ಟಾಗುತ್ತದೆ. ಎರಡನೇ ವರ್ಷ ಇನ್ನೂ ನಾಲ್ಕು. ಒಂದು ಕಾಲೇಜಿನಲ್ಲಿ ವ್ಯತ್ಯಾಸ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಆ ದಿನದ ಚರ್ಚೆಯೇ ಸೆಮಿಸ್ಟರಿನ ಅತ್ಯುತ್ತಮ ತರಗತಿಯಾದೀತು. ತಲಘಟ್ಟಪುರದ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಕನಕಪುರ ರಸ್ತೆಯಲ್ಲೇ ಇದೆ, ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ವಿಧಾನದ ಪುಟವನ್ನು ಅಂತಿಮಗೊಳಿಸುವ ಮೊದಲು ಅಲ್ಲಿನ ತಜ್ಞರಿಗೆ ತೋರಿಸುವುದು ಒಳ್ಳೆಯದು.

ರೇಷ್ಮೆಯೊಂದೇ ದಾರಿಯೆಂದಲ್ಲ. ಚನ್ನಪಟ್ಟಣದ ಗೊಂಬೆಗೆ ಬೇಕಾದ ಆಲೆ ಮರದ ಬೀಜ ಯಾವ ಮಣ್ಣಿನಲ್ಲಿ, ಎಷ್ಟು ದಿನ ಇಟ್ಟ ಮೇಲೆ ಚೆನ್ನಾಗಿ ಮೊಳೆಯುತ್ತದೆಂಬುದು ಸಸ್ಯಶಾಸ್ತ್ರದವರಿಗೆ ತಕ್ಕ ಪ್ರಶ್ನೆ, ಕಸುಬಿನವರಿಗೂ ಬೇಕಾದದ್ದು. ಬೆಂಗಳೂರಿನ ಕೊಳಕನ್ನು ವೃಷಭಾವತಿ ತಂದು ಸುರಿಯುವ ಬಿಡದಿ ಬಳಿಯ ಬೈರಮಂಗಲ ಕೆರೆಯಿಂದ ಹಿಡಿದು, ಅರ್ಕಾವತಿ ಕಾವೇರಿಯನ್ನು ಕೂಡುವ ಕನಕಪುರದ ಸಂಗಮದವರೆಗೆ, ನೀರಿನಲ್ಲಿ ಕರಗಿದ ಆಮ್ಲಜನಕ ಎಲ್ಲಿ ಎಷ್ಟು ಎಂದು ಅಳೆಯುವುದು ಪಠ್ಯದಲ್ಲೇ ಇರುವ ಪ್ರಯೋಗ. ಅದಕ್ಕೆ ಜಾಗ ಮತ್ತು ಪ್ರಶ್ನೆ ಸೇರಿಸಿದರೆ ಸಾಕು. ಸಾವನದುರ್ಗದ ಬುಡದಲ್ಲಿ, ಮಾಗಡಿ ರಸ್ತೆಯ ಬದಿಯಲ್ಲಿ ಗುರುತು ಹಾಕಿದ ಹೊಂಗೆ, ಹುಣಸೆ ಮರಗಳನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂವು, ಕಾಯಿ ದಾಖಲಿಸುವವರು ಆ ದಾಖಲೆಯನ್ನು ‘ಸೀಸನ್‌ವಾಚ್’ ಎಂಬ ದೇಶವ್ಯಾಪಿ ಯೋಜನೆಗೆ ಸೇರಿಸಬಹುದು. ರಾಮದೇವರಬೆಟ್ಟ 2012ರಲ್ಲಿ ದೇಶದ ಮೊದಲ ರಣಹದ್ದು ಧಾಮವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿಯೇ ರಣಹದ್ದುಗಳ ಸಾವಿಗೆ ಕಾರಣವೆಂದು 2004ರಲ್ಲಿ ಸಾಬೀತಾಗಿ, 2006ರಲ್ಲಿ ಭಾರತ ಅದರ ಪಶುಬಳಕೆಯನ್ನು ನಿಷೇಧಿಸಿತು. ಅಷ್ಟಾಗಲು ಮೊದಲು ಬೇಕಾಗಿದ್ದದ್ದು ಒಂದೇ ಜಾಗಕ್ಕೆ ಬೇರೆ ಬೇರೆ ವರ್ಷಗಳಲ್ಲಿ ಹೋಗಿ ಹಕ್ಕಿಗಳನ್ನು ಎಣಿಸಿದ ಹಳೆಯ ಲೆಕ್ಕ. ಹಕ್ಕಿ ಕಡಿಮೆಯಾಗಿದೆ ಎಂಬುದೇ ಆ ಲೆಕ್ಕವಿಲ್ಲದೆ ತಿಳಿಯುತ್ತಿರಲಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಗೂಡುಗಳ ಹತ್ತಿರ ಹೋಗದೆ, ದೂರದಿಂದ ದುರ್ಬೀನಿನಲ್ಲಿ ತಿಂಗಳಿಗೊಮ್ಮೆ ಒಂದೇ ಹೊತ್ತಿಗೆ ಎಣಿಸುವ ಶಿಸ್ತು ಯಾವ ಪ್ರಯೋಗಕ್ಕೂ ಕಡಿಮೆಯಲ್ಲ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡದ ಮುಂದೆ ನಿಲ್ಲಿಸಿ ಕಲಿಸುವ ಪರಂಪರೆ ನಮ್ಮಲ್ಲಿ ಇಲ್ಲದ್ದೇನೂ ಅಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಅಂಥ ಪ್ರವಾಸಗಳಿಂದಲೇ ಹುಟ್ಟಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಪ್ರಾಕ್ಟಿಕಲ್‌ನಲ್ಲೇ ಸಂಶೋಧನೆ ಕಲಿಸಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ: ಮೂಲ ಪಾಠವೇ ಬಾರದವರಿಗೆ ಸಂಶೋಧನೆ ಯಾಕೆ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಸೂಕ್ಷ್ಮದರ್ಶಕ ಹೊಂದಿಸುವುದು, ಸ್ಲೈಡ್ ಮಾಡುವುದು, ದ್ರಾವಣದ ಲೆಕ್ಕ, ಇವು ಹೇಳಿಕೊಟ್ಟು ತಿದ್ದಿ ಅಭ್ಯಾಸ ಮಾಡಿಸಬೇಕಾದ ಕೆಲಸಗಳೇ. ಎಲ್ಲ ಪ್ರಾಕ್ಟಿಕಲ್‌ಗಳನ್ನೂ ಸಂಶೋಧನೆಯಾಗಿ ಮಾರ್ಪಡಿಸುವುದು ಮೂರ್ಖತನ. ಸೆಮಿಸ್ಟರಿನಲ್ಲಿ ನಾಲ್ಕೈದು ವಾರ ಬಿಟ್ಟುಕೊಟ್ಟರೆ ಸಾಕು. ಉಳಿದರ್ಧ ಮಾತ್ರ ತಪ್ಪು. ಪ್ಯೂಪಾದ ಲಿಂಗ ಗುರುತಿಸಲು ಗೊತ್ತಿಲ್ಲದೆ ಲೆಕ್ಕ ನಿಂತುಹೋದ ದಿನ ವಿದ್ಯಾರ್ಥಿ ಅದನ್ನು ಕಲಿಯುವಷ್ಟು ಚೆನ್ನಾಗಿ ಪರೀಕ್ಷೆಯ ಹಿಂದಿನ ರಾತ್ರಿ ಕಲಿಯಲಾರ. ಎರಡನೇ ಆಕ್ಷೇಪ ಇನ್ನೂ ಗಟ್ಟಿ: ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೋ ಇಲ್ಲವೋ ತಿಳಿಯದವರನ್ನು ಹಲವು ವರ್ಷದ ಯೋಜನೆಗೆ ಒಪ್ಪಿಸುವುದು ಅನ್ಯಾಯ. ಇದಕ್ಕೆ ಬೋಧಕರ ಉತ್ಸಾಹ ಉತ್ತರವಲ್ಲ. ಈ ಕೆಲಸದ ಗಂಟೆಗಳನ್ನು ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಬೇಕು, ಮತ್ತು ವಿಧಾನ, ಅಂಕಿಅಂಶ, ತೋಟದವರ ವಿವರ ವಿಭಾಗದ ಕಡತದಲ್ಲಿರಬೇಕು. ಒಬ್ಬರ ಲ್ಯಾಪ್‌ಟಾಪಿನಲ್ಲಿ ಇರಬಾರದು. ಆಗ ಹೊಸಬರು ಬಂದರೂ ಕೆಲಸ ಮೊದಲಿಂದ ಶುರುವಾಗುವುದಿಲ್ಲ.

ಅಂಕದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಅಂಕವಿಲ್ಲದ ಕೆಲಸವನ್ನು ವಿದ್ಯಾರ್ಥಿಗಳು ಮಾಡುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ವಿಶ್ವವಿದ್ಯಾಲಯದ ಪಠ್ಯಕ್ರಮ ಬದಲಾಗಲೆಂದು ಕಾಯಬೇಕಿಲ್ಲ. ಇಂಟರ್ನಲ್ ಅಂಕಗಳು ಕಾಲೇಜಿನ ಕೈಯಲ್ಲೇ ಇವೆ. ಅವನ್ನು ಅಂದವಾದ ರೆಕಾರ್ಡಿಗೆ ಕೊಡುವ ಬದಲು ಅಂದಂದಿನ ಒರಟು ನೋಟ್‌ಬುಕ್ಕಿಗೆ ಕೊಡಬೇಕು: ದಿನಾಂಕ ಇದೆಯೇ, ತಪ್ಪಾದ ಅಂಕಿಯನ್ನು ಕೆರೆಯದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದಿದೆಯೇ, ಯೋಜನೆ ಬದಲಾಗಿದ್ದರೆ ಯಾಕೆಂದು ಬರೆದಿದೆಯೇ. ಫಲಿತಾಂಶ ನಿರೀಕ್ಷೆಯಂತೆ ಬಂತೇ ಎಂಬುದಕ್ಕೆ ಒಂದಂಕವೂ ಇರಬಾರದು. ಇದ್ದರೆ ಪಕ್ಕದವಳ ಪುಸ್ತಕ ನೋಡುವ ಅಭ್ಯಾಸ ಮರಳಿ ಬರುತ್ತದೆ. ಧೂಳಿನಿಂದ ಏನೂ ಆಗಲಿಲ್ಲ ಎಂದು ತೋರಿದರೆ ಅದೂ ಬೆಲೆಯುಳ್ಳ ಉತ್ತರ, ಸೊಪ್ಪು ತೊಳೆಯುವ ಕೂಲಿ ಉಳಿಯಿತಲ್ಲ. ನೋಟ್‌ಬುಕ್ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಅಂಜಿಕೆಯಿಂದ ಮಕ್ಕಳು ಕಂಡದ್ದನ್ನು ಬರೆಯದೆ, ಬರೆಯಲು ಬರುವುದನ್ನು ಮಾತ್ರ ಬರೆಯುತ್ತಾರೆ. ಕೊನೆಯ ವರದಿ ಇಂಗ್ಲಿಷಿನಲ್ಲಿ ಬೇಕಿದ್ದರೆ ಆಗ ಬರೆದರಾಯಿತು. ಇದರಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುವ ತಂದೆತಾಯಿಗೆ ನೇರ ಉತ್ತರವೂ ಇದೆ: ಔಷಧಿ, ಆಹಾರ ತಯಾರಿಸುವ ಯಾವ ಕಾರ್ಖಾನೆಯ ಗುಣಮಟ್ಟ ಪ್ರಯೋಗಾಲಯದಲ್ಲೂ ದಿನಾಂಕ ಹಾಕಿ, ಅಳಿಸದೆ, ಸಹಿ ಮಾಡಿ ದಾಖಲೆ ಇಡುವುದು ಮೊದಲ ದಿನದಿಂದಲೇ ಬೇಕಾಗುವ ಅಭ್ಯಾಸ. ಬಿಡದಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳು ಈ ಕಾಲೇಜುಗಳಿಗೆ ದೂರವಿಲ್ಲ.

ಶುರುಮಾಡುವ ಬೋಧಕರು ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು, ಅದು ರೋಗ. ಕಾಲೇಜಿನ ತಟ್ಟೆಯಿಂದ ಹುಳುಮನೆಗೆ ಸೋಂಕು ಹೋದರೆ ಒಂದು ಕುಟುಂಬದ ಇಡೀ ಬೆಳೆ ಹೋಗುತ್ತದೆ. ಪ್ರಯೋಗದ ಹುಳು, ಉಳಿದ ಸೊಪ್ಪು, ಹಿಕ್ಕೆ ಯಾವುದೂ ತೋಟಕ್ಕೆ ಮರಳಬಾರದು, ಸುಡಬೇಕು ಅಥವಾ ಆಳವಾಗಿ ಹೂಳಬೇಕು. ತಟ್ಟೆ, ಕೋಣೆ ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಮೊದಲೂ ಆಮೇಲೂ ತೊಳೆಯಬೇಕು. ಊಜಿ ನೊಣ ಬಾರದಂತೆ ಕಿಟಕಿಗೆ ಜಾಲರಿ ಇರಬೇಕು. ಮನೆಯಲ್ಲಿ ಹುಳು ಸಾಕುವ ವಿದ್ಯಾರ್ಥಿಗಳಿಗೆ ಪ್ರಯೋಗದ ದಿನಗಳಲ್ಲಿ ತೂಕ, ಲೆಕ್ಕದ ಕೆಲಸ ಕೊಟ್ಟು ತಟ್ಟೆ ಮುಟ್ಟುವ ಕೆಲಸದಿಂದ ದೂರವಿಡಬೇಕು. ಗಂಟುರೋಗದ ಕಣಗಳನ್ನು ತೋರಿಸಬೇಕೆಂದಿದ್ದರೆ ಬಿತ್ತನೆ ಕೋಠಿಯಲ್ಲಿ ಪರೀಕ್ಷೆ ಮುಗಿದ ತಾಯಿಚಿಟ್ಟೆಯ ಸ್ಲೈಡನ್ನು ಅಲ್ಲೇ ಹೋಗಿ ನೋಡಿ ಬರುವುದು ಕ್ಷೇಮ. ಅಲ್ಲಿ 600 ಪಟ್ಟು ಹಿಗ್ಗಿಸಿ ನೋಡುವುದು ರೂಢಿ, ಕಾಲೇಜಿನ 400 ಪಟ್ಟಿನ ಸೂಕ್ಷ್ಮದರ್ಶಕದಲ್ಲೂ ಹೊಳೆಯುವ ಅಂಡಾಕಾರದ ಕಣಗಳು ಕಾಣುತ್ತವೆ ಎಂಬುದನ್ನು ತಿಳಿದಿರಲಿ. ತೋಟದವರಿಗೆ ಸೊಪ್ಪಿನ, ಹುಳುವಿನ ಹಣ ಕೊಡಬೇಕು, ಉಚಿತವಾಗಿ ಕೇಳಬಾರದು. ಫಲಿತಾಂಶದ ಒಂದು ಪುಟವನ್ನು ಕನ್ನಡದಲ್ಲಿ ಬರೆದು, ಅಂಕ ಪಟ್ಟಿ ಕಳಿಸುವ ಮೊದಲು ವಿದ್ಯಾರ್ಥಿಗಳೇ ಅವರಿಗೆ ಓದಿ ಹೇಳಬೇಕು. ಅವರು ಎತ್ತುವ ತಕರಾರುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟರೆ ಮುಂದಿನ ಬ್ಯಾಚಿನ ಪ್ರಶ್ನೆ ಅಲ್ಲೇ ಸಿಗುತ್ತದೆ.